ಅಡುಗೆಮನೆಯತ್ತ ತಿರುಗುವ ಕತ್ತು

ಸಮಾಜಶಾಸ್ತ್ರಜ್ಞರು ತಮ್ಮ ಸಂಶೋಧನಾ ಪದ್ಧತಿಯನ್ನು ಹೇಗೆ ಆರಿಸಿಕೊಳ್ಳುತ್ತಾರೆ ಎಂಬ ಪ್ರಶ್ನೆ ಎಂ.ಎ. ಪರೀಕ್ಷೆಯಲ್ಲಿ ಬಂದಾಗ ನಾನು ಆರು ಪುಟ ಬರೆದಿದ್ದೆ. ವಿಷಯದ ಸ್ವರೂಪ, ಕೈಯಲ್ಲಿರುವ ಕಾಲ, ಜನರನ್ನು ತಲುಪುವ ದಾರಿ, ಸಂಶೋಧಕನ ನಂಬಿಕೆ ಎಂದೆಲ್ಲ ಅಡಿಗೆರೆ ಎಳೆದು ಬರೆದು ಒಳ್ಳೆಯ ಅಂಕವನ್ನೂ ಗಿಟ್ಟಿಸಿದೆ. ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ನಿಜವಾದ ಕಾರಣವೊಂದು ಮಾತ್ರ ಅದರಲ್ಲಿ ಇರಲಿಲ್ಲ.

ನನ್ನ ಗೆಳೆಯ ಬಸವರಾಜನನ್ನೇ ನೋಡಿ. ರಾಮದುರ್ಗದವನು. ಅಪರಿಚಿತರ ಮುಂದೆ ಅವನ ನಾಲಿಗೆ ಏಳುವುದಿಲ್ಲ. ಆದ್ದರಿಂದ ಅವನು ಸಂಸ್ಥಾನದ ಕಾಲದ ಹಳೆಯ ಕಾಗದಪತ್ರಗಳನ್ನು ಅಭ್ಯಾಸ ಮಾಡುವ ಐತಿಹಾಸಿಕ ಪದ್ಧತಿಯನ್ನು ಆರಿಸಿಕೊಂಡ. ಕಾಗದಗಳು ತಿರುಗಿ ಪ್ರಶ್ನೆ ಕೇಳುವುದಿಲ್ಲವಲ್ಲ. ನನ್ನದು ಇದರ ವಿರುದ್ಧದ ರೋಗ. ಯಾರನ್ನು ಕಂಡರೂ ಅರ್ಧ ಗಂಟೆಯಲ್ಲಿ ಅವರ ದನಿ, ನಡಿಗೆ, ಕೆಮ್ಮು ನನ್ನ ಮೈಯೊಳಗೆ ಹೊಕ್ಕುಬಿಡುತ್ತವೆ. ಹಾಸ್ಟೆಲಿನಲ್ಲಿ ನಮ್ಮ ಮಾರ್ಗದರ್ಶಕರನ್ನು ಅಣಕಿಸಿಯೇ ಎಷ್ಟೋ ಪುಕ್ಕಟೆ ಚಹಾ ಕುಡಿದಿದ್ದೇನೆ. ಅವರು ಮೊದಲು ಕನ್ನಡಕ ತೆಗೆದು ಅಂಗಿಯ ಚುಂಗಿನಿಂದ ಒರೆಸುವರು, ಒಮ್ಮೆ ಕೆಮ್ಮುವರು, ಆಮೇಲೆ ಹೇಳುವರು: “ಎಣಸಾಕ ಬರೂದನ್ನ ಬರೀರಿ. ಎಣಸಾಕ ಬರಲಾರದ್ದನ್ನ ಕವಿಗಳಿಗೆ ಬಿಡ್ರಿ.”

ಹೀಗಾಗಿ ನನ್ನ ಪದ್ಧತಿ ಪ್ರಶ್ನಾವಳಿ ಎಂದು ಅವರೇ ಠರಾಯಿಸಿದರು. ವಿಷಯ, ಮನೆಯಲ್ಲಿ ನಿರ್ಧಾರ ಯಾರದು ಎಂಬುದು. ಊರು ಹೂಲಿ. ಹೂಲಿಯೇ ಯಾಕೆಂದರೆ ಪಕ್ಕದ ಸವದತ್ತಿಯಲ್ಲಿ ನಮ್ಮ ಅತ್ತೆಯ ಮನೆ ಇತ್ತು ಮತ್ತು ಅತ್ತೆ ಮಾಡುವ ಎಣ್ಣೆಗಾಯಿ ಇತ್ತು. ಪ್ರಬಂಧದಲ್ಲಿ ನಾನು ಇದನ್ನು ‘ಕ್ಷೇತ್ರದ ಪ್ರಾತಿನಿಧಿಕ ಗುಣ’ ಎಂದು ಬರೆದಿದ್ದೇನೆ.

ಮೊಬೈಲು ನಮ್ಮ ಕಡೆ ಇನ್ನೂ ಕಾಲಿಡದ ಕಾಲ. ಸೈಕ್ಲೋಸ್ಟೈಲ್ ಮಾಡಿಸಿದ ನೂರು ಪ್ರಶ್ನಾವಳಿಗಳನ್ನು ಹೆಗಲಚೀಲಕ್ಕೆ ತುರುಕಿಕೊಂಡು ಹೋದೆ. ನೂರನ್ನೂ ತುಂಬಿ ಪ್ರಬಂಧ ಒಪ್ಪಿಸಲು ಇಪ್ಪತ್ತು ದಿನ ಉಳಿದಿದ್ದವು. ನೂರಕ್ಕೆ ಒಂದು ಕಡಿಮೆಯಾದರೂ ಸರ್ ಸಹಿ ಮಾಡುವುದಿಲ್ಲ. ಸಹಿ ಇಲ್ಲದೆ ನನಗೆ ಪದವಿ ಇಲ್ಲ.

ಮೊದಲ ಮನೆಯ ಯಜಮಾನರು ಜೋಳದ ಚೀಲಕ್ಕೆ ಒರಗಿ ಕುಳಿತಿದ್ದರು. ಪ್ರಶ್ನೆ ಓದಿದೆ. ಅವರು ಗಂಭೀರವಾಗಿ ಕೇಳಿಸಿಕೊಂಡು, ಮೆಲ್ಲಗೆ ಕತ್ತನ್ನು ಒಳಗೆ ತಿರುಗಿಸಿದರು. “ಏ, ಕೇಳಿಸ್ತೇನ? ಮನ್ಯಾಗ ಯಾರ ಮಾತ ನಡೀತೈತಿ ಅಂತ ಕೇಳಾಕತ್ತಾರಿವರು. ಏನಂತ ಹೇಳ್ಲಿ?”

ರೊಟ್ಟಿ ಬಡಿಯುವ ಸದ್ದು ನಿಂತಿತು. “ನಿಮ್ಮದ ನಡೀತೈತಿ ಅಂತ ಹೇಳ್ರಿ,” ಎಂದು ಉತ್ತರ ಬಂತು. ಸದ್ದು ಮತ್ತೆ ಶುರುವಾಯಿತು.

“ನಂದ ನಡೀತೈತ್ರಿ. ಬರಕೋರಿ,” ಎಂದರು ಯಜಮಾನರು.

ಬರೆದುಕೊಂಡೆ. ಎರಡನೆಯ ಮನೆಯಲ್ಲೂ ಅದೇ, ಹತ್ತನೆಯ ಮನೆಯಲ್ಲೂ ಅದೇ. ನಲವತ್ತು ಮನೆ ಮುಗಿಸಿದಾಗ ನಲವತ್ತೂ ಕಾಗದಗಳ ಮೇಲೆ ‘ಗಂಡ’ ಎಂಬಲ್ಲಿಯೇ ಗುರುತು. ಎಣಿಸಲು ಏನೋ ಬರುತ್ತಿತ್ತು. ಆದರೆ ಆ ಕತ್ತುಗಳನ್ನು ಹಾಕಲು ಪ್ರಶ್ನಾವಳಿಯಲ್ಲಿ ಚೌಕವೇ ಇರಲಿಲ್ಲ.

ನಲವತ್ತು ಮುಗಿದ ದಿನ ಮಧ್ಯಾಹ್ನ ಹಳೆಯ ಗುಡಿಯ ನೆರಳಿನಲ್ಲಿ ಗಂಗವ್ವ ಎಂಬ ಮುದುಕಿ ನಾಲ್ಕು ಜನ ಹೆಂಗಸರೊಡನೆ ಬಟ್ಟೆಚೂರುಗಳ ಕೌದಿ ಹೊಲಿಯುತ್ತಿದ್ದಳು.

“ಏನ ಬರಕೋತ ತಿರಗಾಕತ್ತೀಯೋ ತಮ್ಮಾ?”

ಹೇಳಿದೆ. ಐವರೂ ಸೂಜಿ ಹಿಡಿದ ಕೈಯನ್ನೇ ಬಾಯಿಗೆ ಅಡ್ಡ ಹಿಡಿದು ನಕ್ಕರು.

“ಹಂಗ ಕೇಳಿದ್ರ ಯಾರ ಹೇಳ್ತಾರ? ಕುಂದರ ಇಲ್ಲೆ. ಈ ಅಂಚ ಹಿಡಿ,” ಎಂದು ಗಂಗವ್ವ ನನ್ನ ಕೈಗೂ ಒಂದು ಸೂಜಿ ಕೊಟ್ಟಳು.

ಆ ಮಧ್ಯಾಹ್ನವನ್ನು ನಾನು ನಿಜವಾಗಿ ಕಳೆದೆನೋ ಕನಸಿನಲ್ಲಿ ಕಂಡೆನೋ, ಈಗಲೂ ಖಾತ್ರಿಯಿಲ್ಲ. ಬಿಸಿಲು ಗುಡಿಯ ಕಲ್ಲುಗಳ ಮೇಲೆ ಹಾಸಿಕೊಂಡು ಮಲಗಿತ್ತು. ಯಾವುದೋ ಅಜ್ಜನ ಮಾಸಿದ ಧೋತರದ ತುಂಡಿನ ಪಕ್ಕಕ್ಕೆ ಮೊಮ್ಮಗಳ ಹೂವಿನ ಲಂಗದ ತುಂಡು ಬಂದು ಕೂರುತ್ತಿತ್ತು. ದಾರ ಹೋಗುತ್ತ ಬರುತ್ತ, ಮಾತು ಹೋಗುತ್ತ ಬರುತ್ತ, ಯಾವುದು ದಾರ ಯಾವುದು ಮಾತು ಎಂಬುದೇ ಮರೆಯುತ್ತಿತ್ತು. ಯಾವ ಹೊಲಕ್ಕೆ ಕಡಲೆ, ಯಾವ ಹುಡುಗಿಯನ್ನು ಮುಂದಕ್ಕೆ ಓದಿಸುವುದು, ಯಾವ ಎಮ್ಮೆಯನ್ನು ಮಾರುವುದು, ಎಲ್ಲವೂ ಆ ಕೌದಿಯ ಮೇಲೆಯೇ ತೀರ್ಮಾನವಾಗುತ್ತಿದ್ದವು.

“ಮತ್ತ ಯಜಮಾನರು?” ಎಂದೆ.

“ಸಂಜಿಕ ನಾವು ಅವರಿಗೆ ಹೇಳ್ತೇವಿ,” ಎಂದಳು ಗಂಗವ್ವ. “ಮುಂಜಾನಿ ಅವರು ನಮಗ ಹೇಳ್ತಾರ.”

ಯಾವಾಗಲೋ ಕಣ್ಣು ಮುಚ್ಚಿತು. ಎದ್ದು ನಿಲ್ಲಲು ಹೋದರೆ ಕೌದಿಯೂ ನನ್ನ ಜೊತೆ ಎದ್ದಿತು. ತೂಕಡಿಸುತ್ತ ನನ್ನ ಅಂಗಿಯ ಚುಂಗನ್ನೂ ಸೇರಿಸಿ ಹೊಲಿದುಕೊಂಡುಬಿಟ್ಟಿದ್ದೆ. ಜನರೊಳಗೆ ಬೆರೆತು ನೋಡುವುದಕ್ಕೆ ನಮ್ಮ ಶಾಸ್ತ್ರದಲ್ಲಿ ‘ಸಹಭಾಗಿ ಅವಲೋಕನ’ ಎನ್ನುತ್ತಾರೆ. ಇಷ್ಟು ಬೆರೆಯಬೇಕೆಂದು ಯಾವ ಪುಸ್ತಕದಲ್ಲೂ ಓದಿರಲಿಲ್ಲ. ಗಂಗವ್ವ ಹಲ್ಲಿನಿಂದ ದಾರ ಕಡಿದು ನನ್ನನ್ನು ಬಿಡಿಸಿದಳು.

ಮರುದಿನವೇ ಧಾರವಾಡಕ್ಕೆ, ಸರ್ ಮನೆಗೆ ಹೋದೆ. ಅರವತ್ತು ಖಾಲಿ ಪ್ರಶ್ನಾವಳಿಗಳನ್ನು ಅವರ ಮುಂದಿಟ್ಟು, ಪದ್ಧತಿ ಬದಲಿಸಿ ಉಳಿದ ದಿನಗಳನ್ನು ಗುಡಿಯ ನೆರಳಿನಲ್ಲೇ ಕಳೆಯುತ್ತೇನೆ ಎಂದೆ. ಅವರು ಕನ್ನಡಕ ಒರೆಸಿದರು. ಕೆಮ್ಮಿದರು.

“ನಿಮಗ ಎಣಸಾಕ ಕಳಸಿದ್ದೆ. ನೀವು ಹೊಲಿಯಾಕ ಕುಂತ್ರಿ?”

ನನ್ನ ಪದವಿ ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಸರ್ ಕಿಟಕಿ ನೋಡಿದರು, ಖಾಲಿ ಕಾಗದ ನೋಡಿದರು. ಆಮೇಲೆ ಮೆಲ್ಲಗೆ ಅವರ ಕತ್ತು ಒಳಗೆ ತಿರುಗಿತು.

“ಏನ, ಕೇಳಿಸ್ತೇನು? ಇವರು ಪದ್ಧತಿ ಬದಲಸ್ತೇನಿ ಅಂತಾರ.”

ಒಳಗೆ ಒಗ್ಗರಣೆ ಚಟಪಟ ಎಂದಿತು. “ಹುಡುಗ ಕಣ್ಣಾರೆ ನೋಡಿ ಬಂದಾನ. ಬರೀಲಿ ಬಿಡ್ರಿ.”

ಸರ್ ಮತ್ತೆ ಕನ್ನಡಕ ಒರೆಸಿದರು. “ನೋಡ್ರಿ, ನಾ ಭಾಳ ವಿಚಾರ ಮಾಡಿ ಹೇಳಾಕತ್ತೇನಿ. ಪದ್ಧತಿ ಬದಲಸ್ರಿ.”

ಪ್ರಬಂಧ ಒಪ್ಪಿಸಿದೆ, ಪದವಿಯೂ ಬಂತು. ‘ಮಾರ್ಗದರ್ಶಕರೊಡನೆ ಆಳವಾಗಿ ಚರ್ಚಿಸಿ ಪದ್ಧತಿಯನ್ನು ನಿರ್ಧರಿಸಲಾಯಿತು’ ಎಂಬ ವಾಕ್ಯ ಅದರಲ್ಲಿ ಈಗಲೂ ಇದೆ.

ಮೊನ್ನೆ ಬೈಲಹೊಂಗಲದ ನಮ್ಮ ಮನೆಯಲ್ಲಿ ಆ ಪ್ರಸಂಗವನ್ನು ಕನ್ನಡಕ, ಕೆಮ್ಮು, ಕತ್ತು ಸಮೇತ ತಂಗಿಗೆ ಅಣಕಿಸಿ ತೋರಿಸಿದೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಹುಮ್ಮಸ್ಸಿನಲ್ಲಿಯೇ ಇದನ್ನೆಲ್ಲ ಬರೆಯಲು ಕುಳಿತೆ. ಸರ್ ಮನೆಯ ಮಾತು ಹಾಕಬೇಕೋ ಬೇಡವೋ ತಿಳಿಯಲಿಲ್ಲ.

“ಅವ್ವಾ, ಇದನ್ನ ಬರೀಲೇನು?” ಎಂದೆ.

“ಬರಿ. ಹೆಸರ ಹಾಕಬ್ಯಾಡ,” ಎಂದಳು ಅವ್ವ, ಅಡುಗೆಮನೆಯೊಳಗಿನಿಂದ.

ತಂಗಿ ನನ್ನನ್ನೇ ನೋಡುತ್ತಿದ್ದಳು. “ಅಣ್ಣಾ, ಮೊದಲ ಮಾಡಿದ್ದಕ್ಕಿಂತ ಈಗ ಮಾಡಿದ್ದು ಛಲೋ ಬಂತು. ಥೇಟ ನಿಮ್ಮ ಸರ್.”

ನಾನು ಆಗ ಯಾರನ್ನೂ ಅಣಕಿಸುತ್ತಿರಲಿಲ್ಲ.