ನಾಣಿಯ ಜಾಜ್ ಮತ್ತು ಜರ್ಮನಿ ದೊರೆ

ಕ್ಯಾಂಟೀನಿನಲ್ಲಿ ಕುಳಿತು ‘ಜಾಜ್’ ಎಂಬ ಪದವನ್ನು ಸ್ವಲ್ಪ ಗಟ್ಟಿಯಾಗಿ ಅಂದದ್ದೇ ನಾಣಿಯ ಎಲ್ಲ ಫಜೀತಿಗೂ ಮೂಲ.

ನಾಣಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಪೆಕ್ಟರ್. ಪೊಲೀಸ್ ಇನ್‌ಸ್ಪೆಕ್ಟರ್ ಅಲ್ಲ. ತಯಾರಾದ ಬಿಡಿಭಾಗಗಳನ್ನು ಅಳೆದು ನೋಡಿ, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುವವನು. ಬಿಡುವಿದ್ದಾಗಲೆಲ್ಲ ಕಂಟೋನ್ಮೆಂಟಿನ ಹಳೇ ಸಾಮಾನಿನ ಅಂಗಡಿಗಳನ್ನು ಜಾಲಾಡಿ ರಾಕ್, ಜಾಜ್ ರೆಕಾರ್ಡುಗಳನ್ನು ತರುವುದು ಅವನ ಹುಚ್ಚು. ಯಾವ ಆಲ್ಬಮ್ ತಂದರೂ ಅದರ ಬಗ್ಗೆ ಅವನಿಗೊಂದು ಅಭಿಪ್ರಾಯ ಹುಟ್ಟುತ್ತಿತ್ತು. ಕೇಳುವವರು ಮಾತ್ರ ಯಾರೂ ಇರಲಿಲ್ಲ. ಹೀಗಾಗಿ ಹುಟ್ಟಿದ ಅಭಿಪ್ರಾಯವೆಲ್ಲ ಒಳಗೇ ಉಳಿದು, ಬಿಸಿ ಬೋಂಡ ನುಂಗಿದವನ ಹಾಗೆ ಒದ್ದಾಡುತ್ತಿದ್ದ. ಹೆಂಡತಿ ಪಂಕಜಾ ಒಳ್ಳೆಯವಳೇ. ಆದರೆ, “ಎರಡನೇ ಸೈಡು ಯಾಕೆ ಕೆಟ್ಟೋಯ್ತು ಅಂತ ಆಮೇಲೆ ಹೇಳಿ, ಮೊದ್ಲು ಸೀಮೆಎಣ್ಣೆ ಕ್ಯೂಗೆ ಹೋಗ್ಬನ್ನಿ” ಎನ್ನುತ್ತಿದ್ದಳು.

ಶನಿವಾರ ಕ್ಯಾಂಟೀನಿನಲ್ಲಿ ಅವನು ಪಕ್ಕದವನಿಗೆ ಜಾಜ್ ಎಂದರೇನು ಎಂದು ವಿವರಿಸುತ್ತಿದ್ದಾಗ ಬೆನ್ನ ಹಿಂದೆಯೇ ವರ್ಕ್ಸ್ ಮ್ಯಾನೇಜರು ನಿಂತಿದ್ದರು.

“ಏನ್ರೀ ನಾರಾಯಣ, ಫಾರಿನ್ ಮ್ಯೂಸಿಕ್ ಗೊತ್ತೇನ್ರೀ ನಿಮ್ಗೆ?”

“ಅಲ್ಪಸ್ವಲ್ಪ ಸಾರ್.”

“ಬದುಕ್ಕೊಂಡೆ! ನಾಳೆ ವೋಗೆಲ್ ಸಾಹೇಬ್ರನ್ನ ನಿಮ್ಮನೇಗೆ ಕಳಿಸ್ತೀನಿ.”

ವೋಗೆಲ್ ಎಂದರೆ ಹೊಸ ಪ್ರೆಸ್ ಮೆಷಿನ್ ಕೂರಿಸಲು ಜರ್ಮನಿಯಿಂದ ಬಂದಿದ್ದ ಮುದಿ ಎಂಜಿನಿಯರ್. ಊಟ ಹಿಡಿಸದೆ, ನಿದ್ದೆ ಬಾರದೆ, ಕೆಲಸ ಅರ್ಧಕ್ಕೇ ಬಿಟ್ಟು ಊರಿಗೆ ಹೋಗುತ್ತೇನೆಂದು ಕೂತಿದ್ದ. ಅವನು ಹೋದರೆ ಮೆಷಿನ್ ಅಲ್ಲಿಗೇ ನಿಂತಿತು. ಅದನ್ನೇ ನಂಬಿ ಸೇರಿಕೊಂಡಿದ್ದ ಹೊಸಬರೆಲ್ಲ ಮನೆಗೆ.

“ಅವ್ರ ಕಡೆ ಹಾಡು ಕೇಳ್ಸಿ, ಸಮಾಧಾನ ಮಾಡಿ ಕಳಿಸ್ರೀ. ಎಲ್ಲಾ ನಿಮ್ಮ ಕೈಲಿದೆ” ಎಂದರು ಮ್ಯಾನೇಜರು.

ನಾಣಿಗೆ ಮ್ಯಾನೇಜರ ಕಾಲಿಗೆ ಬೀಳಬೇಕೆನಿಸಿತು. ಕೊನೆಗೂ ಕೇಳುವ ಎರಡು ಕಿವಿಗಳು ಅವನ ಮನೆಗೇ ಬರಲಿದ್ದವು!

ಭಾನುವಾರ ಬೆಳಗ್ಗೆ ಏಳುವಷ್ಟರಲ್ಲಿ ಸುದ್ದಿ ರಾಜಗೋಪಾಲನಗರದ ಆ ಬೀದಿಯ ತುಂಬ ಹಬ್ಬಿತ್ತು. ಮನೆ ಮಾಲೀಕ ವೆಂಕಟರಮಣಪ್ಪ ಕಂಕುಳಲ್ಲಿ ಒಂದು ಹುಂಜ ಇರುಕಿಕೊಂಡು ಬಾಗಿಲಲ್ಲಿ ನಿಂತಿದ್ದ. ಪೀಣ್ಯದಲ್ಲಿ ಕಾರ್ಖಾನೆ ಬರುವುದಕ್ಕೆ ಮೊದಲು ಅಲ್ಲೆಲ್ಲ ರಾಗಿ ಬೆಳೆದ ಮನೆತನ ಅವನದು.

“ಅಯ್ನೋರೆ, ದೊರೆ ಬತ್ತಾನಂತೆ. ಬರೀ ಕಾಪಿ ಕೊಟ್ಟು ಕಳಿಸಿದ್ರೆ ನಮ್ ಊರ್ ಮರ್ವಾದೆ ಏನಾಯ್ತದೆ? ತಗಳಿ, ಇದ್ನ ಸಾರು ಮಾಡ್ಸಿ.”

ಒಳಗಿಂದ ಪಂಕಜಾ, “ರಾಮ ರಾಮಾ!” ಎಂದು ಚೀರಿದಳು. ಆ ಚೀರಾಟಕ್ಕೆ ಹುಂಜ ಕೈಬಿಡಿಸಿಕೊಂಡು ನೇರ ದೇವರ ಮನೆಗೆ ನುಗ್ಗಿತು. ನಾಣಿ ಒಂದು ಕಡೆಯಿಂದ, ವೆಂಕಟರಮಣಪ್ಪ ಇನ್ನೊಂದು ಕಡೆಯಿಂದ ಅಟ್ಟಿಸಿಕೊಂಡು ಹೋಗಿ, ಅದನ್ನು ಹಿಡಿದು ಹೊರಗೆ ಸಾಗಿಸುವ ಹೊತ್ತಿಗೆ ಇಬ್ಬರೂ ಬೆವೆತು ತೊಪ್ಪೆಯಾಗಿದ್ದರು. ಆದರೂ ಮನೆ ಮಾಲೀಕ ತನ್ನ ಅತಿಥಿಗಾಗಿ ಸಾಕಿದ ಹುಂಜವನ್ನೇ ತಂದನಲ್ಲ ಎಂದು ನಾಣಿಯ ಎದೆ ತುಂಬಿ ಬಂತು.

ತುಂಬಿದ ಎದೆ ಜಗಲಿಗೆ ಬರುತ್ತಲೇ ಧಸಕ್ಕೆಂದಿತು. ದೊರೆಗೆ ಯಾವುದನ್ನು ಮೊದಲು ಕೇಳಿಸಬೇಕೆಂದು ಆರಿಸಲು ಅವನು ರೆಕಾರ್ಡುಗಳನ್ನೆಲ್ಲ ಅಲ್ಲಿ ಜೋಡಿಸಿಟ್ಟಿದ್ದ. ಈಗ ಜಗಲಿಯ ಮೇಲೆ ಬರೀ ಖಾಲಿ ಕವರುಗಳಿದ್ದವು.

“ಅಯ್ನೋರೆ, ಇಲ್ಲವೆ ನೋಡಿ!” ವೆಂಕಟರಮಣಪ್ಪನ ಹೆಂಡತಿ ಮುನಿಯಕ್ಕ ಹೆಮ್ಮೆಯಿಂದ ಕಾಂಪೌಂಡಿನ ಕಡೆ ಕೈ ತೋರಿಸಿದಳು. “ದೂಳು ಇಡ್ಕಂಡಿತ್ತು. ಸೀಗೆಪುಡಿ ಆಕಿ ತೊಳ್ದು ಬಿಸ್ಲಿಗೆ ಇಕ್ಕಿವ್ನಿ. ಎಂಗ್ ಒಳೀತಾವೆ!”

ನಿಜ, ಹೊಳೆಯುತ್ತಿದ್ದವು. ಹೊಳೆಯುತ್ತಲೇ ಬಿಸಿಲಿಗೆ ಹಪ್ಪಳದ ಹಾಗೆ ಸೊಟ್ಟಗಾಗುತ್ತಿದ್ದವು. ಹನ್ನೊಂದರ ಏರು ಬಿಸಿಲು. ಪ್ರಾಣಕ್ಕೆ ಪ್ರಾಣವಾಗಿದ್ದ ರಾಕ್ ಆಲ್ಬಮ್ಮು ಗೋಡೆಯ ಅಂಚಿಗೆ ಬಾಗಿ ಕುದುರೆಯ ಜೀನಿನ ಆಕಾರ ತಾಳಿತ್ತು. ನಾಣಿ ಬಾಯಿ ತೆರೆದ. ಸೆರಗಿನಿಂದ ಕೈ ಒರೆಸಿಕೊಳ್ಳುತ್ತಾ ನಗುತ್ತಿದ್ದ ಮುನಿಯಕ್ಕನ ಮುಖ ಕಂಡಿತು. ಬೈಗುಳ ಗಂಟಲಲ್ಲೇ ತಿರುಗಿ, “ಬಹಳ ಉಪಕಾರ ಆಯ್ತು ಮುನಿಯಕ್ಕ” ಎಂದು ಹೊರಬಂತು. ಪುಣ್ಯಕ್ಕೆ ಗೋಡೆಯ ತುದಿಯಲ್ಲಿ, ನುಗ್ಗೆಮರದ ನೆರಳಿನಲ್ಲಿದ್ದ ಒಂದೇ ಒಂದು ಜಾಜ್ ರೆಕಾರ್ಡು ಅಷ್ಟಾಗಿ ಸೊಟ್ಟಗಾಗಿರಲಿಲ್ಲ.

ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಕಾರ್ಖಾನೆಯ ಅಂಬಾಸಡರ್ ಬಂದು ನಿಂತಿತು. ಡ್ರೈವರ್ ಆಂಜಿನಪ್ಪ ಬಾಗಿಲು ತೆರೆದ. ವೋಗೆಲ್ ಇಳಿದ, ಆರಡಿ ಎತ್ತರ, ಬಿಳಿ ಕೂದಲು, ಹರಳೆಣ್ಣೆ ಕುಡಿದ ಮುಖ. ಪಂಕಜಾ ಕಾಫಿ, ಕೋಡುಬಳೆ ತಂದಿಟ್ಟಳು. ಕಿಟಕಿಯ ಸರಳಿನ ಆಚೆ ಬೀದಿಯ ಅರ್ಧ ಜನ ಜೋತುಬಿದ್ದಿದ್ದರು.

ನಾಣಿ ರೆಕಾರ್ಡು ಹಾಕಿದ. ಅದು ಸಣ್ಣ ಅಲೆಗೆ ಸಿಕ್ಕ ದೋಣಿಯಂತೆ ಏಳುತ್ತ ಬೀಳುತ್ತ ಸುತ್ತತೊಡಗಿತು. ಸ್ಯಾಕ್ಸೊಫೋನಿನವನು ಕುಡಿದು ಬಂದವನ ಹಾಗೆ ತೇಲಿಸಿ ನುಡಿಸಿದ. ದೊರೆ ಒಂದು ಕ್ಷಣ ಹುಬ್ಬು ಗಂಟಿಕ್ಕಿ, ಕಿವಿಯ ಹಿಂದೆ ಕೈಯಾಡಿಸಿಕೊಂಡ. ಆಮೇಲೆ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದ. ಮುಖದ ಗಂಟುಗಳೆಲ್ಲ ಒಂದೊಂದಾಗಿ ಸಡಿಲಿದವು. ನಿಧಾನವಾಗಿ ತಲೆದೂಗತೊಡಗಿದ.

“ಲೇ, ದೊರೆ ತಲೆ ಆಡಿಸ್ತಾವ್ನೆ ಕಣ್ಲಾ!” ಎಂದ ವೆಂಕಟರಮಣಪ್ಪ ಕಿಟಕಿಯಿಂದ.

ಅಷ್ಟರಲ್ಲಿ ಕರೆಂಟು ಹೋಯಿತು. ಸ್ಯಾಕ್ಸೊಫೋನು ಹೊಟ್ಟೆನೋವು ಬಂದ ಎಮ್ಮೆಯಂತೆ ಒಮ್ಮೆ ನರಳಿ ನಿಂತುಹೋಯಿತು. ಎಲ್ಲ ಮುಗಿಯಿತು, ನಾಳೆ ದೊರೆ ವಿಮಾನ ಹತ್ತುತ್ತಾನೆ, ಹೊಸ ಹುಡುಗರೆಲ್ಲ ಬೀದಿಗೆ ಎಂದು ನಾಣಿ ತಿರುಗಿ ನೋಡುತ್ತಾನೆ, ವೋಗೆಲ್ ಇನ್ನೂ ಕಣ್ಣು ಮುಚ್ಚಿ ತಲೆದೂಗುತ್ತಲೇ ಇದ್ದಾನೆ!

ನಾಣಿಗೆ ಮೈ ಜುಮ್ಮೆಂದಿತು. ಸಂಗೀತ ನಿಂತ ಮೇಲೂ ಅದನ್ನು ಒಳಗೊಳಗೇ ಕೇಳುವವನು! ಎಂಥ ರಸಿಕ!

ಅವನು ಕುರ್ಚಿ ಎಳೆದುಕೊಂಡು ಎದುರಿಗೆ ಕುಳಿತ. ಬಂದಷ್ಟು ಇಂಗ್ಲಿಷಿನಲ್ಲಿ ವರ್ಷಗಳ ಅಭಿಪ್ರಾಯಗಳನ್ನೆಲ್ಲ ಬಿಚ್ಚಿದ. ಈ ಆಲ್ಬಮ್ಮಿನ ಡ್ರಮ್ಮಿನವನು ಶಿಫ್ಟ್ ಬಸ್ಸು ತಪ್ಪಿದವನ ಹಾಗೆ ಸದಾ ಹಿಂದೆಯೇ ಓಡುತ್ತಾನೆ, ಆದರೆ ಸೈರನ್ ಆಗುವುದರೊಳಗೆ ಗೇಟಿನಲ್ಲಿರುತ್ತಾನೆ, ಅದೇ ಅವನ ಚೆಂದ ಎಂದ. ರಾಕ್ ಎಂದರೆ ನಾಲ್ಕು ಜನ ಸೇರಿ ಸಿಟ್ಟು ಮಾಡಿಕೊಳ್ಳುವುದು, ಸಿಟ್ಟು ನಿಜವಾಗಿದ್ದರೆ ಆಲ್ಬಮ್ ಗೆದ್ದಿತು, ನಟನೆಯಾದರೆ ಎರಡನೇ ಸೈಡಿನಲ್ಲಿ ಸಿಕ್ಕಿಬೀಳುತ್ತದೆ ಎಂದ. ಕೊನೆಗೆ, ಯಾರಿಗೂ ಹೇಳದಿದ್ದ ಒಂದು ಮಾತನ್ನು ಹೇಳಿದ: “ಸಾರ್, ದಿನವೆಲ್ಲ ತಪ್ಪು ಹುಡುಕುವುದೇ ನನ್ನ ಕೆಲಸ. ಆದರೆ ಜಾಜ್‌ನಲ್ಲಿ ಒಬ್ಬ ತಪ್ಪು ನುಡಿಸಿದರೆ ಪಕ್ಕದವನು ಅದನ್ನೇ ಹಿಡಿದು ಹಾಡು ಮಾಡುತ್ತಾನೆ. ಅದಕ್ಕೇ ಸಾರ್ ನಾನು ಮನೆಗೆ ಬಂದು ಅದನ್ನು ಕೇಳುವುದು.”

ದೊರೆ ತಲೆದೂಗಿದ. ಒಮ್ಮೆಯೂ ಅಡ್ಡ ಬಾಯಿ ಹಾಕಲಿಲ್ಲ. ಬಿಸಿಲು ಇಳಿಯುವವರೆಗೂ ಕುಳಿತಿದ್ದು, ಎದ್ದು, ನಾಣಿಯ ಎರಡೂ ಕೈ ಹಿಡಿದು ಕುಲುಕಿ, “ಬ್ಯೂಟಿಫುಲ್! ಬ್ಯೂಟಿಫುಲ್!” ಎಂದು ಒದ್ದೆಗಣ್ಣಿನಿಂದ ಹೇಳಿ ಕಾರು ಹತ್ತಿದ.

ನಾಣಿಯ ಕಣ್ಣೂ ಒದ್ದೆ. ಉಳಿದ ಕೋಡುಬಳೆಯನ್ನೆಲ್ಲ ಮುನಿಯಕ್ಕನ ಮಡಿಲಿಗೆ ಸುರಿದ. ವೆಂಕಟರಮಣಪ್ಪನನ್ನು ತಬ್ಬಿಕೊಂಡ. ಕರೆಂಟು ತೆಗೆದ ಮಹಾನುಭಾವನಿಗೂ ಮನಸ್ಸಿನಲ್ಲೇ ನಮಸ್ಕಾರ ಹಾಕಿದ. ಅವನು ತೆಗೆಯದಿದ್ದರೆ ಇಷ್ಟು ಮಾತಾಡುವುದೆಲ್ಲಿ ಬಂತು?

ದೀಪ ಹಚ್ಚುವ ಹೊತ್ತಿಗೆ ಅಂಬಾಸಡರ್ ಮತ್ತೆ ಬಂದು ನಿಂತಿತು. ಆಂಜಿನಪ್ಪ ಒಬ್ಬನೇ ಓಡೋಡಿ ಬಂದ.

“ಸಾರ್, ದೊರೆ ಮಿಷಿನ್ ಬಿಟ್ಟೋಗವ್ರಂತೆ. ಸಿಕ್ತಾ?”

“ಯಾವ ಮೆಷಿನ್ನೋ?”

“ಕಿವಿದು ಸಾರ್. ಪ್ರೆಸ್ ಶಾಪಿನ ಸದ್ದಿಗೆ ಎಲ್ಡು ಕಿವೀನೂ ಓಗವಂತೆ. ಅದಿಲ್ದಿದ್ರೆ ಪಿರಂಗಿ ಆರ್ಸಿದ್ರೂ ಕೇಳಲ್ಲ.”

ನಾಣಿ ಒಳಗೆ ಹೋದ, ಆಂಜಿನಪ್ಪ ಹಿಂದೆಯೇ ಬಂದ. ದೊರೆ ಕುಳಿತಿದ್ದ ಕುರ್ಚಿಯ ಪಕ್ಕದ ಕಿಟಕಿಕಟ್ಟೆಯ ಮೇಲೆ, ಹುರುಳಿಕಾಳಿನ ಬಣ್ಣದ ಪುಟ್ಟ ಮೆಷಿನ್ನು ತಣ್ಣಗೆ ಕೂತಿತ್ತು.

“ಅಂಗಾದ್ರೆ... ಅಲ್ಲ, ಹಾಗಾದ್ರೆ ಇದನ್ನ ತೆಗೆದಿದ್ದು ಯಾವಾಗ?”

“ನೀವು ಸಂಗೀತದ ಪಿಲೇಟು ಆಕಿದ್ ತಕ್ಷಣವೇ ತೆಗೆದ್ಬಿಟ್ರಂತೆ ಸಾರ್” ಎಂದ ಆಂಜಿನಪ್ಪ ಸಂಭ್ರಮದಿಂದ. “ದಾರೀಲಿ ಏಳಿದ್ದೇ ಏಳಿದ್ದು: ಈ ದೇಶಕ್ಕೆ ಬಂದ್ಮೇಲೆ ಇಂತಾ ನಿಶ್ಶಬ್ದ, ಇಂತಾ ನಿದ್ದೆ ಎಲ್ಲೂ ಸಿಕ್ಕಿರ್ಲಿಲ್ವಂತೆ. ಊರಿಗೋಗಲ್ಲ, ಮಿಷಿನ್ ಕೂರ್ಸೇ ಓಗ್ತೀನಿ ಅಂದ್ರು. ಅಲ್ಲೀಗಂಟ ಪ್ರತಿ ಬಾನುವಾರ ನಿಮ್ಮನೇಗೇ ಬತ್ತಾರಂತೆ!”

ಪಂಕಜಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದಳು. ಅಲ್ಲಿಂದ ಪಾತ್ರೆಯೊಂದು ಬಿದ್ದ ಸದ್ದು, ಅದರ ಹಿಂದೆ ತಡೆಯಲಾರದ ನಗು ಕೇಳಿಸಿತು.

ನಾಣಿ ಮೆಷಿನ್ನನ್ನು ಎತ್ತಿ ಅಂಗೈಯಲ್ಲಿಟ್ಟುಕೊಂಡ. ಮೆಷಿನ್ ಓಡುತ್ತದೆ, ಹುಡುಗರ ಕೆಲಸ ಉಳಿಯುತ್ತದೆ, ಒಬ್ಬ ಮುದುಕನಿಗೆ ನಿದ್ದೆ ಬಂತು. ಕೃತಜ್ಞತೆ ಎಂಬುದು ಇಷ್ಟರ ಮೇಲೂ ಅವನ ಎದೆಯಿಂದ ಕದಲಲಿಲ್ಲ. ಎಷ್ಟಾದರೂ ತನ್ನ ಎದುರು ಅಷ್ಟು ಹೊತ್ತು ಕುಳಿತ ಮನುಷ್ಯ ಅವನೊಬ್ಬನೇ. ಮೆಷಿನ್ನನ್ನು ಪಂಚೆಯ ಅಂಚಿನಿಂದ ಒರೆಸಿ, ಎರಡೂ ಕೈಯಿಂದ ಕೊಟ್ಟ.

“ಆಂಜಿನಪ್ಪ, ದೊರೇಗೆ ನನ್ನ ಥ್ಯಾಂಕ್ಸ್ ಹೇಳಪ್ಪಾ. ಬರೋ ಭಾನುವಾರ ರಾಕ್ ಬಗ್ಗೆ ಮಾತು ಮುಂದುವರಿಸೋಣ ಅಂತ ಹೇಳು.”

“ಏಳ್ತೀನಿ ಸಾರ್” ಎಂದ ಆಂಜಿನಪ್ಪ. “ಮೊದ್ಲು ಇದ್ನ ಅವ್ರ ಕಿವಿಗೆ ಆಕ್ಸಿ, ಆಮೇಲೆ ಏಳ್ತೀನಿ.”