ಹಿಂಗಾಲಿಗೆ ಲಾಳ ಬೇಕೇ?

ಕಾಶಿಯಲ್ಲಿ ಸಲಹೆ ಕೇಳಿದವನೂ ಗಂಗೆಗೆ ಇಳಿದವನೂ ಒಂದೇ, ಒದ್ದೆಯಾಗದೆ ಮೇಲೆ ಬರುವುದಿಲ್ಲ. ಹುಬ್ಬಳ್ಳಿಯಿಂದ ರೈಲ್ವೆ ನೌಕರಿಯಲ್ಲಿ ವರ್ಗವಾಗಿ ಬಂದವನು ನಾನು. ನಿವೃತ್ತಿಯಾದ ಮೇಲೂ ವಿಶ್ವನಾಥನ ನೆರಳು ಬಿಡಲಾರದೆ ಹನುಮಾನ್ ಘಾಟಿನ ಓಣಿಯಲ್ಲೇ ಉಳಿದೆ. ಇಲ್ಲಿ ದಿನವೂ ಯಾರೋ ಒಬ್ಬರು ಹೀಗೆ ಒದ್ದೆಯಾಗುತ್ತಾರೆ. ಈ ಸಲ ಒದ್ದೆಯಾದದ್ದು ಒಂದು ಕುದುರೆ.

ಕೇಳಬೇಕಾದವರನ್ನು ಬಿಟ್ಟು

ನಮ್ಮ ಮನೆಯ ಕೆಳಗಿನ ಕೊಟ್ಟಿಗೆಯಲ್ಲಿ ಒಂದು ಕಪ್ಪು ಹೆಣ್ಣು ಕುದುರೆ ಇದೆ. ಮದುವೆ ಕಾಲದಲ್ಲಿ ಅದರ ಮೇಲೆ ವರ ಕೂರುತ್ತಾನೆ, ಉಳಿದ ದಿನ ಹೊಳೆಯಾಚೆಯ ಮರಳಿನಲ್ಲಿ ಯಾತ್ರಿಕರು ಸವಾರಿ ಮಾಡುತ್ತಾರೆ. ಅದರ ಯಜಮಾನನ ಮನೆಯ ಒಲೆ ಉರಿಯುವುದು ಆ ನಾಲ್ಕು ಕಾಲಿನ ಮೇಲೆಯೇ. ಹೋದ ಕಾರ್ತಿಕದಲ್ಲಿ, ಮೊಳೆ ಹೊಡೆದೂ ಹೊಡೆದೂ, ಹಿಂಗಾಲಿನ ಗೊರಸುಗಳು ಬಿರುಕು ಬಿಟ್ಟವು. ದನದ ಡಾಕ್ಟರು ಕಾಲೆತ್ತಿ ನೋಡಿದರು.

"ಭಾರ ಹೆಚ್ಚು ಬೀಳೋದು ಮುಂಗಾಲಿನ ಮೇಲೆ. ಅಲ್ಲಿ ಲಾಳ ಇರಲಿ. ಹಿಂದಿನವು ತೆಗೆದು ನೋಡಿ, ಗೊರಸು ಬೆಳೀಲಿ. ಆದರೆ ಎಲ್ಲ ಕುದುರೆಗೂ ಒಗ್ಗಲ್ಲ. ಜಲ್ಲಿ ಮೇಲೆ ಬರಿಬೆನ್ನಲ್ಲಿ ನಡೆಸಿ, ಅದೇ ಹೇಳುತ್ತೆ. ಈಗ ಮತ್ತೆ ಮೊಳೆ ಹೊಡೆದರೆ ಮಾತ್ರ ಜನ್ಮಕ್ಕೆ ಕುಂಟು."

ಅದೇ ಹೇಳುತ್ತೆ ಎಂದರೂ ಯಜಮಾನ ಕುದುರೆಯೊಂದನ್ನು ಬಿಟ್ಟು ಊರನ್ನೆಲ್ಲ ಕೇಳಿದ. ಮೊದಲು ಲಾಳ ಹೊಡೆಯುವವನನ್ನು.

"ಹಿಂಗಾಲಿಗೆ ಲಾಳ ಇಲ್ಲದೆ ಕುದುರೆ ನಡೆಯೋದಾ? ನಮ್ಮಪ್ಪನ ಕಾಲದಿಂದ ನಾನು ಕಂಡಿಲ್ಲ," ಎಂದ ಅವನು.

"ತೆಗೆದರೆ ಕುಂಟುತ್ತಾ?"

"ಅದು ನನಗೆ ಹೇಗೆ ಗೊತ್ತಾಗಬೇಕು ಗುರು? ಲಾಳ ಬೇಡ ಅಂದವರು ಯಾರೂ ನನ್ನ ಹತ್ತಿರ ಬಂದೇ ಇಲ್ಲ."

ಶನಿ ಬರುವ ದಿಕ್ಕು

ಕೊನೆಗೆ ಹಿಂದಿನ ಎರಡೂ ಲಾಳ ಬಿಚ್ಚಿದರು. ಕಬ್ಬಿಣ ನೆಲಕ್ಕೆ ಬಿದ್ದ ಸದ್ದಿಗೆ ಓಣಿಯೇ ನೆರೆಯಿತು. ಕಪ್ಪು ಕುದುರೆ ತುಳಿದು ಸವೆಸಿದ ಲಾಳವನ್ನು ಬಾಗಿಲಿಗೆ ಹೊಡೆದರೆ ಶನಿಯ ಕಾಟ ಒಳಗೆ ಬರುವುದಿಲ್ಲ ಎಂಬುದು ಇಲ್ಲಿ ಮಕ್ಕಳಿಗೂ ಗೊತ್ತು. ನಾನೂ ಶನಿವಾರ ಎಳ್ಳೆಣ್ಣೆ ದೀಪ ಹಚ್ಚುವವನೇ, ನಗುವುದಿಲ್ಲ.

ಒಂದನ್ನು ನಮ್ಮ ಓಣಿಯ ಪುರೋಹಿತ ಭಟ್ಟರು ಎತ್ತಿಕೊಂಡರು. "ಹಿಂಗಾಲಿನದೇ ಶ್ರೇಷ್ಠ. ಶನಿ ಹಿಂದಿನಿಂದಲೇ ತಾನೇ ಬರೋದು," ಎಂದರು. ಇನ್ನೊಂದನ್ನು ನಮ್ಮ ಕಡೆಯ ಬ್ಯಾಂಕ್ ಅಧಿಕಾರಿಯೊಬ್ಬರು ಒಯ್ದರು. ಅವರ ಮಗಳಿಗೆ ಬಂದ ಸಂಬಂಧಗಳೆಲ್ಲ ತಪ್ಪಿಹೋಗುತ್ತಿದ್ದವು. ಪಕ್ಕದ ಸೋನಾರ್‌ಪುರದ ಮಿಠಾಯಿ ಅಂಗಡಿಯವನು ಓಡೋಡಿ ಬರುವಷ್ಟರಲ್ಲಿ ಎರಡೂ ಮುಗಿದಿದ್ದವು.

ಆ ಸಂಜೆಯಿಂದ ಓಣಿಯಲ್ಲಿ ಎರಡು ಪಕ್ಷ. ಲಾಳ ಸಿಕ್ಕವರು, "ಕುದುರೆ ಎಷ್ಟು ಹಗುರಾಗಿ ನಡೀತಿದೆ ನೋಡಿ, ದೇವರು ಕೊಟ್ಟ ಗೊರಸು ಸಾಲದೇ?" ಎನ್ನುತ್ತಿದ್ದರು. ಸಿಗದವರು, "ಪಾಪ, ಮೂಕಪ್ರಾಣಿ, ಹೊಸ ಲಾಳ ಹೊಡೆಸಯ್ಯಾ," ಎಂದು ಕಣ್ಣೀರು ತರುತ್ತಿದ್ದರು. ಹೊಸದು ಹೊಡೆಸಿದರೆ ತಾನೇ ಅದು ಸವೆದು ಬಿಚ್ಚುವ ದಿನ ಬರುವುದು.

ನನ್ನ ಹೆಂಡತಿ ಮೇಲಿನ ಕಿಟಕಿಯಿಂದ ನೋಡುತ್ತಿದ್ದಳು. "ಎಲ್ಲಾರ ಶನೀನೂ ಕುದುರಿ ಕಾಲಿನ ಲಾಳದಿಂದ ಕಳದ್ರು. ಕುದುರಿಗೆ ಹಿಡದ ಶನಿ ಯಾರ ಬಾಗಿಲಾಗ ಅದಾನ, ಅದನ್ನ ಕೇಳ್ರಿ ಅವರಿಗೆ."

ನಾನು ಕೇಳಲಿಲ್ಲ. ಭಟ್ಟರು ನಮ್ಮ ಮನೆಗೂ ಬರುವವರು.

ಜಲ್ಲಿಯ ಮೇಲೆ

ಜಲ್ಲಿ ಹುಡುಕುವುದೇನೂ ಕಷ್ಟವಾಗಲಿಲ್ಲ. ಸೋನಾರ್‌ಪುರದ ರಸ್ತೆ ಅಗೆದೇ ಇರುತ್ತದೆ. ಯಜಮಾನ ಕುದುರೆಯನ್ನು ಅದರ ಮೇಲೆ ನಡೆಸಿದ. ಹಿಂದೆ ಇ-ರಿಕ್ಷಾಗಳ ಸಾಲು ಹಾರ್ನ್ ಹೊಡೆಯುತ್ತಿತ್ತು.

"ರಾಣಿ ಹಾಗೆ ನಡೀತಿದೆ," ಎಂದರು ಬ್ಯಾಂಕಿನವರು.

"ರಾಣಿಗೆ ಪಾರ್ಶ್ವವಾಯು ಬಡಿದ ಹಾಗೆ," ಎಂದ ಮಿಠಾಯಿಯವನು.

ಯಜಮಾನ ನನ್ನ ಮುಖ ನೋಡಿದ. "ಬಾಬೂಜಿ, ನೀವು ಹೇಳಿ. ನಿಮಗೆ ಲಾಳದ ಆಸೆಯಿಲ್ಲ. ಮದುವೆಗಳು ಶುರುವಾಗ್ತಿವೆ. ಮೆರವಣಿಗೆಗೆ ಇಳಿಸಲಾ, ಬೇಡವಾ? ಕಾಲು ಹೋದರೆ ಇದನ್ನ ಮಾರಿಬಿಡಬೇಕು. ಕುಂಟು ಕುದುರೇನ ಕೊಳ್ಳೋರು ಅದನ್ನ ಸಾಕೋಕೆ ಕೊಳ್ಳಲ್ಲ."

ಕುದುರೆ ಹಿಂಗಾಲನ್ನು ಇಟ್ಟೂ ಇಡದ ಹಾಗೆ, ಮೋಟು ಹೆಜ್ಜೆಯಲ್ಲಿ ಸಾಗುತ್ತಿತ್ತು. ನನಗೆ ಆ ಹೆಜ್ಜೆಯ ಗುರುತು ಸಿಕ್ಕಿತು. ಕಾಶಿಯ ಸುತ್ತ ಪಂಚಕ್ರೋಶಿ ಪ್ರದಕ್ಷಿಣೆಯನ್ನು ಬರಿಗಾಲಲ್ಲಿ ಮಾಡಿದವನು ನಾನು. "ಅದಕ್ಕೆ ನೋಯ್ತಾ ಇದೆಯಪ್ಪ. ಪಂಚಕ್ರೋಶಿಯಲ್ಲಿ ನಾನೂ ಹೀಗೇ ನಡೆದದ್ದು. ಗೊರಸು ಗಟ್ಟಿಯಾಗೋವರೆಗೆ ಮರಳಿನ ಮೇಲಷ್ಟೇ ಇರಲಿ," ಎಂದೆ.

ಬ್ಯಾಂಕಿನವರು ಬಿಡಲಿಲ್ಲ. "ಆದರೂ ನೀವು ಪ್ರದಕ್ಷಿಣೆ ಮುಗಿಸಿದಿರಲ್ಲ ಸ್ವಾಮಿ?"

"ನನ್ನ ಬೆನ್ನ ಮೇಲೆ ವರ ಇರಲಿಲ್ಲ," ಎಂದೆ.

ಚಿಕ್ಕ ಬಾಗಿಲು

ಯಜಮಾನ ಕುದುರೆಯನ್ನು ದೋಣಿಯಲ್ಲಿ ದಾಟಿಸಿ, ಆಚೆಯ ಮರಳಿನಲ್ಲೇ ಗುಡಿಸಲು ಹಾಕಿದ. ಮಕ್ಕಳನ್ನಷ್ಟೇ ಕೂರಿಸುತ್ತಿದ್ದ. ಮದುವೆಯ ಕಾಲವೆಲ್ಲ ಬ್ಯಾಂಡು ಬಾರಿಸಿಕೊಂಡು ಹೊರಟುಹೋಯಿತು. ಅವನ ಹೆಂಡತಿ ಬೇರೆಯವರ ಮನೆಯ ಪಾತ್ರೆ ತಿಕ್ಕಿದಳು. ನಾನು ಪೂಜೆಯ ಕಡಲೆಯನ್ನು ಕುದುರೆಗೆ ಒಯ್ಯುವಾಗ ಅವಳ ಮುಖ ನೋಡಲಾರದೆ ನದಿ ನೋಡುತ್ತಿದ್ದೆ.

ಆ ಕಾಲ ಮುಗಿಯುವ ಮುನ್ನ ಬ್ಯಾಂಕಿನವರ ಮಗಳಿಗೆ ಈ ಊರಿನ ಗಂಡೇ ಗೊತ್ತಾಯಿತು. ಲಾಳದ ಮಹಿಮೆ ಎಂದರು. ಹೊಳೆ ದಾಟಿ ಬಂದು ಮೆರವಣಿಗೆಗೆ ಅದೇ ಕುದುರೆ ಬೇಕೆಂದರು.

"ಹಿಂದೆ ಲಾಳ ಇಲ್ಲವಲ್ಲ ಸಾಬ್," ಎಂದ ಯಜಮಾನ.

"ಒಂದು ದಿನದ ಮಟ್ಟಿಗೆ ಹೊಡೆಸಯ್ಯಾ."

"ಲಾಳ ಬೇಕಿಲ್ಲ, ರಾಣಿ ಹಾಗೆ ನಡೀತಿದೆ ಅಂದವರು ನೀವೇ."

"ಅದು ನಿನ್ನ ಕುದುರೆಯ ಮಾತು. ಇದು ನನ್ನ ಅಳಿಯನ ಮಾತು."

ಅವನು ಒಪ್ಪಲಿಲ್ಲ. ಅವರು ಬೇರೆ ಕಡೆಯಿಂದ ನಾಲ್ಕು ಕಾಲಿಗೂ ಲಾಳವಿದ್ದ ಬಿಳಿ ಕುದುರೆ ತರಿಸಿದರು. ಮದುವೆ ಮಂಟಪದ ಬಾಗಿಲಲ್ಲಿ ನುಣುಪು ಕಲ್ಲು ಹಾಸಿತ್ತು. ಸವೆದ ಕಬ್ಬಿಣ ಅದರ ಮೇಲೆ ಜಾರಿತು. ಕುದುರೆ ಕುಳಿತಿತು, ವರ ಬೆನ್ನ ಮೇಲಿಂದ ಇಳಿಜಾರಿನಲ್ಲಿ ಬಂದ ಹಾಗೆ ಬಂದು ಡೋಲಿನವನ ಮಡಿಲಲ್ಲಿ ಕುಳಿತ. ಇಬ್ಬರಿಗೂ ಪೆಟ್ಟಾಗಲಿಲ್ಲ, ವಿಶ್ವನಾಥ ದೊಡ್ಡವನು.

ಅದಾಗಿ ಕೆಲವು ದಿನಕ್ಕೆ ಡಾಕ್ಟರು ಮರಳಿಗೆ ಬಂದು ಗೊರಸು ತಟ್ಟಿ ನೋಡಿ, ಹೊಸ ಗೊರಸು ಬೆಳೆದು ಬಿರುಕು ಹೋಗಿದೆ, ಇನ್ನು ಹಿಂದೆ ಲಾಳವಿಲ್ಲದೆಯೇ ರಸ್ತೆಗೂ ಇಳಿಸಬಹುದು ಎಂದರು. ಯಜಮಾನ ಕುದುರೆಯ ಕತ್ತಿಗೆ ಹಣೆಯಿಟ್ಟು ನಿಂತ. ನಾನೂ ಕೈಮುಗಿದೆ. ಆಗಲೇ ದೋಣಿಯಿಂದ ಬ್ಯಾಂಕಿನವರು ಇಳಿದರು.

"ಒಂದು ಲಾಳ ಸಾಲಲಿಲ್ಲ ಅನಿಸುತ್ತಪ್ಪ," ಎಂದರು. "ಹೇಗೂ ಹಿಂದಿನದಿಲ್ಲದೆ ಚೆನ್ನಾಗೇ ನಡೀತಿದೆ. ಮುಂದಿನವನ್ನೂ ತೆಗೆದುಕೊಡು."

ಯಜಮಾನ ಹಗ್ಗವನ್ನು ಅವರ ಕೈಗೆ ಕೊಟ್ಟ. "ಲಾಳ ಯಾಕೆ ಸಾಬ್, ಕುದುರೇನೇ ಒಯ್ದು ಬಾಗಿಲಿಗೆ ಮೊಳೆ ಹೊಡೀರಿ."

ಬ್ಯಾಂಕಿನವರು ಕುದುರೆಯನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ನಿಜವಾಗಿಯೂ ಯೋಚಿಸಿದರು.

"ಕ್ವಾರ್ಟರ್ಸ್ ಬಾಗಿಲು ಚಿಕ್ಕದು," ಎಂದರು.