ಲೆಕ್ಕವನ್ನು ಬಾಯಿಬಿಟ್ಟು ಹೇಳಿದ ದಿನ

ಮಕ್ಕಳಿಗೆ ಲೆಕ್ಕ ಬರುವುದು ಒಂದು, ಬಂದ ಲೆಕ್ಕವನ್ನು ಬಾಯಿಬಿಟ್ಟು ಹೇಳುವುದು ಇನ್ನೊಂದು. ಇವೆರಡರ ನಡುವೆ ಭಗವಂತ ಯಾವಾಗಲೂ ಏನಾದರೊಂದು ತಮಾಷೆ ಇಟ್ಟೇ ಇರುತ್ತಾನೆ. ಇದನ್ನು ನನಗೆ ಮೊದಲು ಹೇಳಿದವರು ನನ್ನ ಸೋದರಮಾವ. ಯುದ್ಧ ನಡೆಯುತ್ತಿದ್ದ ಕಾಲದಲ್ಲಿ ಅವರು ತೂಬಗೆರೆ ಕಡೆಯ ಒಂದು ಮಿಡ್ಲ್ ಸ್ಕೂಲಿನಲ್ಲಿ ಹಂಗಾಮಿ ಲೆಕ್ಕದ ಮೇಷ್ಟ್ರು. ದೇವರಿಗೆ ದೀಪ ಹಚ್ಚಿ ಬಂದು ಜಗಲಿಯಲ್ಲಿ ಕೂತು ಅವರು ಹೇಳತೊಡಗಿದರೆ, ಆ ಶಾಲೆಯ ಹೊಂಗೆಮರದ ನೆರಳು ನಮ್ಮ ಜಗಲಿಗೇ ಬಂದು ಮಲಗಿದಂತೆ ಇರುತ್ತಿತ್ತು.

ಆ ವರ್ಷ ತನಿಖೆಗೆ ಬಂದ ಇನ್‌ಸ್ಪೆಕ್ಟರ್ ಸಾಹೇಬರದು ಹೊಸ ಪದ್ಧತಿ. ಉತ್ತರ ಸರಿಯಿದ್ದರೆ ಸಾಲದು. ಹೇಗೆ ಮಾಡಿದೆ ಎಂಬುದನ್ನು ಕೇಳಿದವರಿಗೆ ತಿಳಿಯುವ ಹಾಗೆ ಹೇಳಬೇಕು. ಮಕ್ಕಳು ಹೇಳಿದರೆ ಮಾವನ ಕೆಲಸ ಕಾಯಂ. ಇಲ್ಲವಾದರೆ ಗಂಟುಮೂಟೆ ಕಟ್ಟಿಕೊಂಡು ಊರಿಗೆ.

೧. ಏನೂ ಬಿಡದೆ

"ಒಂದನ್ನೂ ಬಿಡಬೇಡಿ, ಮಾಡಿದ್ದನ್ನೆಲ್ಲ ಸಾಲಾಗಿ ಹೇಳಿ" ಎಂದು ಮಾವ ತಿಂಗಳಿಂದ ಪಾಠ ಮಾಡಿದ್ದರು.

ಸಾಹೇಬರು ಒಂದು ಭಾಗಾಕಾರ ಕೊಟ್ಟರು. ಮುಂದೆ ಕೂತಿದ್ದ ಹುಡುಗಿಯ ಉತ್ತರ ಸರಿಯಾಗಿತ್ತು.

"ಹೇಗೆ ಮಾಡಿದೆಯಮ್ಮ?"

"ಮೊದಲು ಗಣಪತೀನ ನೆನೆಸ್ಕೊಂಡೆ ಸಾರ್. ಆಮೇಲೆ ಸ್ಲೇಟು ಒರೆಸ್ದೆ. ಆಮೇಲೆ ಲೆಕ್ಕ ಬರ್ಕೊಂಡೆ."

"ಭೇಷ್! ಆಮೇಲೆ?"

ಹುಡುಗಿ ಮೇಷ್ಟ್ರ ಮುಖ ನೋಡಿದಳು. ಬಿಡುವಂತಿಲ್ಲವಲ್ಲ.

"ಆಮೇಲೆ ಪಕ್ಕದೋಳ ಸ್ಲೇಟು ನೋಡ್ದೆ ಸಾರ್."

೨. ಓರೆಯಾದ ಬದು

ಮುಂದಿನದು ಹೊಲದ ಲೆಕ್ಕ. ಉದ್ದ ನಲವತ್ತು ಗಜ, ಅಗಲ ಮೂವತ್ತು. ಚಿತ್ರ ಬರೆದು ವಿಸ್ತೀರ್ಣ ವಿವರಿಸಬೇಕು. ಒಬ್ಬ ಹುಡುಗ ಬೋರ್ಡಿನ ಮೇಲೆ ಹೊಲ ಬರೆದ. ಮೂಲೆಗೊಂದು ಬಾವಿ, ಬಾವಿಗೆ ಬಾಗಿದ ಬೇವಿನಮರ, ಮರದಲ್ಲಿ ಎರಡು ಗಿಣಿ. ಎಲ್ಲರೂ ಕನಸು ಕಂಡವರಂತೆ ನೋಡುತ್ತಾ ಕೂತರಂತೆ. ಸಾಹೇಬರು ಮಾತ್ರ ಬೆತ್ತದಿಂದ ಒಂದು ಗೆರೆ ತೋರಿಸಿದರು.

"ಈ ಕಡೆ ಬದು ಯಾಕೋ ಒಳಕ್ಕೆ ಬಂದಿದೆ?"

"ನಮ್ಮ ಚಿಕ್ಕಪ್ಪ ಒತ್ಕೊಂಡಿದಾನೆ ಸಾರ್."

"ಲೇ, ಲೆಕ್ಕದಲ್ಲಿ ಚಿಕ್ಕಪ್ಪ ಇಲ್ಲ ಕಣೋ!"

"ಹೊಲ ಅಂದ್ಮೇಲೆ ಇದ್ದೇ ಇರ್ತಾನೆ ಸಾರ್."

ಮಾವ ಮನಸ್ಸಿನಲ್ಲೇ ಟ್ರಂಕಿಗೆ ಬಟ್ಟೆ ತುಂಬತೊಡಗಿದರು.

೩. ಚಾಪೆಯ ಮೇಲಿನ ರಾಗಿ

ಕೊನೆಗೆ ಸಾಹೇಬರು ಚಾಪೆಯ ಮೇಲೆ ರಾಗಿ ಸುರಿಸಿದರು. ಸೇರಿನಿಂದ ಅಳೆದು, ನಾಲ್ಕು ಮನೆಗೆ ಸಮನಾಗಿ ಹಂಚಿ, ಎಲ್ಲವನ್ನೂ ಗಟ್ಟಿಯಾಗಿ ಹೇಳಬೇಕು. ಮಾತೇ ಆಡದ ಒಬ್ಬ ಒಕ್ಕಲ ಹುಡುಗನನ್ನು ಕರೆದರು. ಅವನು ರಾಶಿಗೆ ಕೈಮುಗಿದು ಸೇರು ತುಂಬಿದ.

"ಲಾಭ... ಎರಡು... ಮೂರು..."

"ನಿಲ್ಲಿಸು! ಒಂದು ಎಲ್ಲಿ ಹೋಯ್ತು?"

"ರಾಶಿ ಅಳೀವಾಗ ಒಂದು ಅನ್ಬಾರ್ದು ಸಾರ್. ಲಾಭ ಅನ್ಬೇಕು."

"ಇದು ಕಣ ಅಲ್ಲಪ್ಪ, ಪರೀಕ್ಷೆ. ಒಂದು ಅನ್ನು."

ಹುಡುಗ ರಾಗಿಯನ್ನೆಲ್ಲ ಹಿಂದಕ್ಕೆ ಸುರಿದು, ಮತ್ತೆ ಕೈಮುಗಿದು, ಮತ್ತೆ "ಲಾಭ" ಎಂದ. ಮೂರು ಸಲ ಹೀಗೇ ಆಯಿತು.

ಸಾಹೇಬರಿಗೆ ರೇಗಿಹೋಯಿತು. "ತಾ ಇಲ್ಲಿ, ನಾನು ತೋರಿಸ್ತೀನಿ" ಎಂದು ಕೋಟು ಬಿಚ್ಚಿ ಚಾಪೆಯ ಮೇಲೆ ಕೂತರು. ಸೇರನ್ನು ರಾಗಿಯೊಳಗೆ ಇಳಿಸಿದರು. ತಣ್ಣಗಿನ ರಾಗಿ ಬೆರಳ ಸಂದಿಯಲ್ಲಿ ಸರಸರ ಜಾರಿತು. ಕಿಟಕಿಯ ಬಿಸಿಲಿನಲ್ಲಿ ಹೊಟ್ಟು ಹೊಂಬಣ್ಣವಾಗಿ ತೇಲಿತು. ಅವರೂ ದೊಡ್ಡಬೆಳವಂಗಲದ ಕಡೆಯ ಒಕ್ಕಲ ಮನೆಯವರೇ. ಅಪ್ಪನ ಕಣದಲ್ಲಿ ಕೂತು ಎಷ್ಟು ವರ್ಷವಾಗಿತ್ತೋ. ಕಣ್ಣು ಅರೆಮುಚ್ಚಿತು. ಸೇರು ತುಂಬಿ, ಅಂಗೈಯಿಂದ ಸವರಿ, ಮೆಲ್ಲಗೆ ಸುರಿದರು.

"ಲಾಭ..."

ಆ ಹುಡುಗ ಗಂಭೀರವಾಗಿ ತಲೆಯಾಡಿಸಿದ.

"ಹ್ಞಾ, ಈಗ ಸರಿಯಾಯ್ತು ಸಾರ್. ಮುಂದಕ್ಕೆ ಹೇಳಿ."

ಸಾಹೇಬರು ಹೇಳಿದರು, ಹಂಚಿಯೂ ತೋರಿಸಿದರು. ಎದ್ದು ರಾಗಿ ಕೊಡವಿಕೊಂಡು ರಿಜಿಸ್ಟರಿನಲ್ಲಿ ಬರೆದರು: "ಇಲ್ಲಿನ ಮಕ್ಕಳು ಲೆಕ್ಕವನ್ನು ಯಾರಿಗೆ ಬೇಕಾದರೂ ತಿಳಿಯುವಂತೆ ಹೇಳಬಲ್ಲರು." ಮಾವನ ಕೆಲಸ ಕಾಯಂ ಆಯಿತು.

ಇಷ್ಟು ನಾನು ಕೇಳಿದ್ದು. ನಿಮ್ಮ ಮನೆಯ ಜಗಲಿಯಲ್ಲೂ ಯಾರಾದರೂ ಬಿಡುವಾಗಿ ಕೂತಿದ್ದರೆ ಅವರಿಗೂ ಹೇಳಿ. ಚಿಕ್ಕಪ್ಪ ಎದುರಿಗಿದ್ದರೆ ಎರಡನೆಯದನ್ನು ಬಿಟ್ಟು ಹೇಳಿ.